ಸೋಗಲ್ಲದ ವ್ಯಾಧಿಗಳೆರಡು

ಬೆಳಗ್ಗೆ ಮನೆಗೆಲಸವನ್ನೆಲ್ಲ ಚುರುಕಾಗಿ ಮಾಡಿ ಮುಗಿಸಿದ ಹೆಂಗಸು ಸಂಜೆಯ ವೇಳೆಗೆ ಕಣ್ಣಿನ ರೆಪ್ಪೆಯನ್ನೆತ್ತಲಾರದೆ, ಬಾಯಿಗಿಟ್ಟ ತುತ್ತನ್ನು ನುಂಗಲಾರದೆ, ನಾಲ್ಕು ಮಾತನಾಡುವಷ್ಟರಲ್ಲಿ ದನಿ ಕುಗ್ಗಿ ಹಾಸಿಗೆ ಹಿಡಿದು, ಮರುದಿನ ಏನೂ ಆಗದವಳಂತೆ ಎದ್ದು ಓಡಾಡಿದಳೆಂದರೆ, ನೋಡಿದವರು ಅದನ್ನು ನಾಟಕವೆನ್ನುವುದು ಸುಲಭ. ಬಳಸಿದಷ್ಟೂ ಸ್ನಾಯು ಸೋಲುವುದು, ವಿಶ್ರಮಿಸಿದರೆ ಚೇತರಿಸಿಕೊಳ್ಳುವುದು ಮಯಸ್ತೇನಿಯಾ ಗ್ರೇವಿಸ್ ಎಂಬ ರೋಗದ ಸ್ವಭಾವ. ಗಳಿಗೆಗೊಂದು ಬಗೆಯಾಗುವ ಈ ದೌರ್ಬಲ್ಯವನ್ನು ವೈದ್ಯರೇ ಹಿಸ್ಟೀರಿಯಾ ಎಂದು ಭ್ರಮಿಸಿದ ಪ್ರಸಂಗಗಳುಂಟು. 1934ರಲ್ಲಿ ಲಂಡನ್ನಿನ ಗ್ರೀನಿಚ್‌ನಲ್ಲಿದ್ದ ಸೇಂಟ್ ಆಲ್ಫೀಜ್ ಆಸ್ಪತ್ರೆಯ ವೈದ್ಯೆ ಮೇರಿ ವಾಕರ್, ಕುರಾರೆ ವಿಷದ ಪರಿಣಾಮಕ್ಕೂ ಈ ರೋಗಕ್ಕೂ ಇರುವ ಸಾದೃಶ್ಯವನ್ನು ಮನಗಂಡು, ಆ ವಿಷಕ್ಕೆ ಪ್ರತ್ಯೌಷಧವಾದ ಫೈಸೊಸ್ಟಿಗ್ಮಿನನ್ನು ಚುಚ್ಚುಮದ್ದಾಗಿ ಕೊಟ್ಟಾಗ, ರೋಗಿಯ ಬಲವು ಕೆಲಕಾಲದ ಮಟ್ಟಿಗೆ ಮರಳಿತು. ಕಾರಣವು ಗೋಚರಿಸಿದ್ದು 1973ರಲ್ಲಿ: ಪ್ಯಾಟ್ರಿಕ್ ಮತ್ತು ಲಿಂಡ್‌ಸ್ಟ್ರಾಮ್ ಎಂಬ ಅಮೆರಿಕದ ವಿಜ್ಞಾನಿಗಳು, ವಿದ್ಯುತ್ ಹಾವುಮೀನಿನಿಂದ ತೆಗೆದ ಒಂದು ಪ್ರೋಟೀನನ್ನು ಮೊಲಗಳಿಗೆ ಚುಚ್ಚಿದಾಗ, ಅದರ ವಿರುದ್ಧ ಹುಟ್ಟಿದ ಪ್ರತಿಕಾಯಗಳು ಮೊಲಗಳ ಸ್ನಾಯುಗಳಲ್ಲಿಯೂ ಇದ್ದ ತತ್ಸಮಾನ ಪ್ರೋಟೀನಿನ ಮೇಲೆರಗಿ ಮೊಲಗಳು ನಿಶ್ಶಕ್ತವಾಗಿ ಕುಸಿದುವು. ದೇಹವನ್ನು ಕಾಯತಕ್ಕ ಶಕ್ತಿಯೇ ದೇಹದ ಮೇಲೆ ತಿರುಗಿಬೀಳುವ ಇಂಥ ವ್ಯಾಧಿಗಳನ್ನು ಆಟೊಇಮ್ಯೂನ್ ರೋಗಗಳೆನ್ನುತ್ತಾರೆ.

ಇಷ್ಟರಿಂದ ಹಿಸ್ಟೀರಿಯಾ ಎಂದು ಕರೆದುದೆಲ್ಲ ಪತ್ತೆಯಾಗದ ಆಟೊಇಮ್ಯೂನ್ ರೋಗವೇ ಆಗಿತ್ತೆಂದು ಬಗೆದರೆ ಮತ್ತೊಂದು ವರ್ಗದ ರೋಗಿಗಳಿಗೆ ಅನ್ಯಾಯವಾದೀತು. ನರತಂತುಗಳು ಅಕ್ಷತವಾಗಿದ್ದೂ ಮಿದುಳಿನ ಕಾರ್ಯವಿಧಾನದಲ್ಲಿ ದೋಷವುಂಟಾಗಿ ಕಾಲು ಸೋಲುವುದು, ಕೈ ನಡುಗುವುದು, ಮೂರ್ಛೆಯಂಥ ಸೆಳೆತ ಬರುವುದು ನಿಜವಾಗಿಯೂ ಉಂಟು. ಇದಕ್ಕೆ ಇಂದಿನ ಹೆಸರು ಫಂಕ್ಷನಲ್ ನ್ಯೂರಲಾಜಿಕಲ್ ಡಿಸಾರ್ಡರ್, ಅಂದರೆ ನರಮಂಡಲದ ಕ್ರಿಯಾದೋಷ. 1908ರಲ್ಲಿ ಅಮೆರಿಕದ ಚಾರ್ಲ್ಸ್ ಹೂವರ್ ವರ್ಣಿಸಿದ ಪರೀಕ್ಷೆಯೊಂದು ಇದನ್ನು ಕಣ್ಣೆದುರಿಗೆ ತೋರಿಸಿಕೊಡುತ್ತದೆ. ಅಂಗಾತ ಮಲಗಿದ ರೋಗಿಗೆ ಬಲಹೀನವಾದ ಕಾಲಿನ ಹಿಮ್ಮಡಿಯನ್ನು ಹಾಸಿಗೆಗೆ ಒತ್ತಲು ಹೇಳಿದರೆ ಆಗುವುದಿಲ್ಲ. ಆದರೆ ಒಳ್ಳೆಯ ಕಾಲನ್ನು ವೈದ್ಯರ ಕೈಗೆದುರಾಗಿ ಎತ್ತಲು ಹೇಳಿದಾಗ, ಸೋತ ಕಾಲಿನ ಹಿಮ್ಮಡಿಯು ರೋಗಿಯ ಅರಿವಿಲ್ಲದೆ ಪೂರ್ಣಬಲದಿಂದ ಕೆಳಕ್ಕೊತ್ತುತ್ತದೆ. ಗಮನವು ಕಾಲಿನ ಮೇಲೆ ನೆಟ್ಟಾಗ ತಪ್ಪುವ ಬಲವು, ಗಮನವು ಬೇರೆಡೆ ಹರಿದಾಗ ತಾನಾಗಿ ಬರುತ್ತದೆ. ಇದನ್ನು ಸೋಗಿನ ಸಾಕ್ಷ್ಯವೆಂದು ಒಮ್ಮೆ ಓದಿದವರಿದ್ದರು. ನನಗಾದರೋ ರೋಗಿಯ ನಿರ್ದೋಷಿತ್ವಕ್ಕೆ ಇದಕ್ಕಿಂತ ಮನಮುಟ್ಟುವ ಪ್ರಮಾಣ ಬೇರೊಂದಿಲ್ಲ.

ಈ ಬಗೆಯ ನಿಶ್ಚಿತ ಲಕ್ಷಣಗಳನ್ನು ಹುಡುಕದೆ, ಬೇರೇನೂ ಸಿಗಲಿಲ್ಲವೆಂಬ ಕಾರಣಕ್ಕೆ ಹಿಸ್ಟೀರಿಯಾದ ಹಣೆಪಟ್ಟಿ ಹಚ್ಚಿದ ಕಾಲದಲ್ಲಿ ಪ್ರಮಾದಗಳು ಬಹಳವಾದುವು. 2005ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯ ಪ್ರಕಾರ 1950ರ ದಶಕದಲ್ಲಿ ಇಂತಹ ನಿದಾನಗಳಲ್ಲಿ ಶೇಕಡ 29ರಷ್ಟು ತಪ್ಪಾಗಿದ್ದುವು. 1970ರಿಂದೀಚೆಗೆ ಆ ಪ್ರಮಾಣ ಶೇಕಡ 4ಕ್ಕೆ ಇಳಿದಿದೆ.

ಜಟಿಲವಾದ ಸಂಗತಿಯೆಂದರೆ ಈ ಎರಡು ಬಗೆಯ ವ್ಯಾಧಿಗಳೂ ಒಂದೇ ದೇಹದಲ್ಲಿ ನೆಲೆಸಬಲ್ಲವು. ಆಟೊಇಮ್ಯೂನ್ ಪ್ರಕ್ರಿಯೆಯಿಂದ ನರಗಳ ಹೊದಿಕೆ ಸವೆಯುವ ಮಲ್ಟಿಪಲ್ ಸ್ಕ್ಲೆರೋಸಿಸ್ ಉಳ್ಳವರಲ್ಲಿ, ಹಳೆಯ ಗಾಯ ಮಾಗಿದ ಮೇಲೂ ಅದೇ ಕಾಲಿನಲ್ಲಿ ಕ್ರಿಯಾದೋಷದ ದೌರ್ಬಲ್ಯವು ತಲೆದೋರುವುದುಂಟು. ದೇಹಕ್ಕೆ ಬಂದ ಯಾವುದೇ ಕಾಯಿಲೆ, ಏಟು, ತೀವ್ರ ಬಳಲಿಕೆಗಳು ಕ್ರಿಯಾದೋಷಕ್ಕೆ ನಿಮಿತ್ತವಾಗಬಲ್ಲವೆಂಬುದು ವೈದ್ಯರಿಗೆ ತಿಳಿದ ವಿಷಯ. ಆದರೆ ಪ್ರತಿರಕ್ಷಣಾ ವ್ಯವಸ್ಥೆಯು ನೇರವಾಗಿ ಅದನ್ನು ಹುಟ್ಟಿಸುತ್ತದೆಂಬುದು ಇನ್ನೂ ಸಿದ್ಧಪಟ್ಟಿಲ್ಲ.

ಆದುದರಿಂದ ಮಲ್ಟಿಪಲ್ ಸ್ಕ್ಲೆರೋಸಿಸ್ ಉಳ್ಳ ರೋಗಿಯ ಕಾಲು ಪುನಃ ಸೋತಾಗ, ಎಂಆರ್‌ಐನಲ್ಲಿ ಹೊಸ ಉರಿಯೂತವಿದೆಯೇ ಎಂದು ನೋಡುವುದೂ ಹೂವರನ ಪರೀಕ್ಷೆಯನ್ನು ಮಾಡುವುದೂ ಎರಡೂ ಅವಶ್ಯ. ಉರಿಯೂತವಿದ್ದಲ್ಲಿ ಸ್ಟೀರಾಯ್ಡ್ ಬೇಕು. ಕ್ರಿಯಾದೋಷವೊಂದೇ ಇದ್ದಲ್ಲಿ ಅದೇ ಸ್ಟೀರಾಯ್ಡ್ ನಿಷ್ಪ್ರಯೋಜಕವಷ್ಟೇ ಅಲ್ಲದೆ, ಮೂಳೆಯನ್ನೂ ರಕ್ತದ ಸಕ್ಕರೆಯನ್ನೂ ಕೆಡಿಸಬಲ್ಲದು. ಅಲ್ಲಿ ಬೇಕಾದುದು ನುರಿತ ಫಿಸಿಯೊಥೆರಪಿ. ಅದರ ಮೊದಲಲ್ಲಿಯೇ ಕೆಲವು ವೈದ್ಯರು ಹಿಮ್ಮಡಿಯ ಆ ಬಲವನ್ನು ರೋಗಿಗೇ ತೋರಿಸಿ, ಕಾಲು ಇನ್ನೂ ಆಕೆಯದೇ ಆಗಿದೆಯೆಂದು ವಿವರಿಸುತ್ತಾರೆ.