ಮುದಿ ನಾಯಿ ಕೆಮ್ಮಿದರೆ 'ವಯಸ್ಸಾಯ್ತು' ಅಂತ ಸುಮ್ಮನಾಗಬೇಡಿ

ಹತ್ತು–ಹನ್ನೆರಡು ವರ್ಷದಿಂದ ಮನೆ ಮಗುವಿನ ಹಾಗೆ ಬೆಳೆದ ನಾಯಿ. ಗೇಟು ಕಿರ್ರೆಂದರೆ ಸಾಕು, ಬೀದಿಗೆಲ್ಲ ಕೇಳುವಂತೆ ಬೊಗಳುತ್ತಿತ್ತು. ಈಗೀಗ ರಾತ್ರಿ ಮಲಗಿದ ಮೇಲೆ ಖೊಕ್ ಖೊಕ್ ಅಂತ ಕೆಮ್ಮುತ್ತೆ. ಕೊನೆಗೆ ವ್ಯಾಕ್ ಅಂತ ಓಕರಿಸಿ, ಒಂದಿಷ್ಟು ಬಿಳಿ ನೊರೆ ಕಕ್ಕಿ ಸುಮ್ಮನಾಗುತ್ತೆ. ತಟ್ಟೆಯಲ್ಲಿ ಹಾಕಿದ ಅನ್ನ ಹಾಗೇ ಉಳಿಯುತ್ತೆ. 'ವಯಸ್ಸಾಯ್ತಲ್ಲ ಬಿಡು' ಅಂತಾರೆ ಮನೆಯವರು. ಆದರೆ ದಿನಾ ಊಟ ಹಾಕುವವರು ನೀವು. ಏನೋ ಸರಿಯಿಲ್ಲ ಅಂತ ನಿಮಗೆ ಅನ್ನಿಸಿದ್ದರೆ ಅದನ್ನು ತಳ್ಳಿಹಾಕಬೇಡಿ. ಮುಪ್ಪು ಕಾಯಿಲೆಯಲ್ಲ, ಕೆಮ್ಮು ಮಾತ್ರ ಯಾವುದೋ ಕಾಯಿಲೆಯ ಸೂಚನೆ.

ಕೆಮ್ಮೋ, ವಾಂತಿಯೋ?

ನೊರೆ ಕಂಡ ಕೂಡಲೇ ಹೊಟ್ಟೆ ಕೆಟ್ಟಿದೆ ಅಂದುಕೊಳ್ಳುವುದೇ ಹೆಚ್ಚು. ಸ್ವಲ್ಪ ಗಮನಿಸಿ ನೋಡಿ. ಮೊದಲು ಕೆಮ್ಮಿ, ಆಮೇಲೆ ಓಕರಿಸಿದರೆ ತೊಂದರೆ ಇರುವುದು ಎದೆಯಲ್ಲಿ ಅಥವಾ ಗಂಟಲಲ್ಲಿ. ಹೊಟ್ಟೆ ಹಿಂಡಿ ಹಿಂಡಿ ಆಹಾರ ಹೊರಬಂದರೆ ಅದು ವಾಂತಿ. ಯಾವ ಶ್ರಮವೂ ಇಲ್ಲದೆ ತಿಂದದ್ದು ತಿಂದ ಹಾಗೇ ಬಿದ್ದರೆ ಅನ್ನನಾಳದ ಸಮಸ್ಯೆ ಇರಬಹುದು. ಇದನ್ನು ಮೊಬೈಲ್‌ನಲ್ಲಿ ವಿಡಿಯೊ ಮಾಡಿಟ್ಟುಕೊಳ್ಳಿ. ಡಾಕ್ಟರ ಮುಂದೆ ನಿಂತಾಗ ನಾಯಿ ಕೆಮ್ಮುವುದೇ ಇಲ್ಲ!

ಕಾರಣ ಒಂದೇ ಅಲ್ಲ

ಪೊಮೆರೇನಿಯನ್‌ನಂಥ ಪುಟ್ಟ ತಳಿಗಳಲ್ಲಿ ವಯಸ್ಸಾದಂತೆ ಹೃದಯದ ಎಡಭಾಗದ ಕವಾಟ ದಪ್ಪಗಾಗಿ, ಸರಿಯಾಗಿ ಮುಚ್ಚದೆ ರಕ್ತ ಹಿಂದಕ್ಕೆ ಸೋರುತ್ತದೆ. ಹೃದಯ ಹಿಗ್ಗಿ ಶ್ವಾಸನಾಳವನ್ನು ಒತ್ತುತ್ತದೆ. ಮುಂದೆ ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರಾಟವೇ ಕಷ್ಟವಾಗಬಹುದು.

ಇದೇ ತಳಿಗಳಲ್ಲಿ ಶ್ವಾಸನಾಳ ಸಡಿಲಗೊಂಡು ಕುಸಿಯುವುದೂ ಉಂಟು. ಆಗ ಕೆಮ್ಮು ಬಾತುಕೋಳಿ ಕೂಗಿದ ಹಾಗಿರುತ್ತದೆ, ಕುತ್ತಿಗೆಯ ಬೆಲ್ಟ್ ಎಳೆದರೆ ಜೋರಾಗುತ್ತದೆ. ಮುದಿ ಲ್ಯಾಬ್ರಡಾರ್‌ನ ಬೊಗಳುವ ದನಿ ಗೊಗ್ಗರಾಗಿ, ನೀರು ಕುಡಿಯುವಾಗ ಓಕರಿಕೆ ಬಂದರೆ ಧ್ವನಿಪೆಟ್ಟಿಗೆಯ ನರ ಸೋತಿರಬಹುದು. ಇಂಥ ನಾಯಿಗೆ ಬಿಸಿಲು ಬಹಳ ಅಪಾಯ. ಸೋಂಕು, ಹಳೆಯ ಕಫ, ಗೆಡ್ಡೆಯಿಂದಲೂ ಕೆಮ್ಮು ಬರುತ್ತದೆ. ಯಾವುದು ಅಂತ ತಿಳಿಯಲು ಎದೆಯ ಎಕ್ಸ್‌ರೇ, ರಕ್ತಪರೀಕ್ಷೆ, ಕೆಲವೊಮ್ಮೆ ಹೃದಯದ ಸ್ಕ್ಯಾನ್ ಬೇಕೇ ಬೇಕು.

ಊಟ ಯಾಕೆ ಬಿಡುತ್ತೆ?

ಉಸಿರು ಕಟ್ಟುವಾಗ ತುತ್ತು ನುಂಗುವುದಾದರೂ ಹೇಗೆ? ಕೊಳೆತ ಹಲ್ಲಿನ ನೋವೂ ಕಾರಣವಿರಬಹುದು. ನೀರು ಜಾಸ್ತಿ ಕುಡಿದು, ಬಾಯಿ ವಾಸನೆ ಬಂದು, ತೂಕ ಇಳಿದರೆ ಮೂತ್ರಪಿಂಡವನ್ನೂ ಪರೀಕ್ಷಿಸಬೇಕು. ಒಂದು ದಿನ ಪೂರ್ತಿ ಏನೂ ತಿನ್ನದಿದ್ದರೆ ಕಾಯಬೇಡಿ.

ಉಸಿರು ಎಣಿಸಿ

ಖರ್ಚಿಲ್ಲದ ಪರೀಕ್ಷೆ ಇದು. ನಾಯಿ ಚೆನ್ನಾಗಿ ನಿದ್ದೆ ಮಾಡುತ್ತಿರುವಾಗ ಎದೆ ಏರಿ ಇಳಿದರೆ ಒಂದು ಉಸಿರು. 30 ಸೆಕೆಂಡು ಎಣಿಸಿ, ಎರಡರಿಂದ ಗುಣಿಸಿ. ನಿಮಿಷಕ್ಕೆ 30ರೊಳಗಿದ್ದರೆ ಸರಿ. ಮತ್ತೆ ಮತ್ತೆ 30 ದಾಟಿದರೆ ಅಂದೇ ಡಾಕ್ಟರಿಗೆ ಫೋನ್ ಮಾಡಿ. ವಸಡು ನೀಲಿಯಾದರೆ, ಬಾಯ್ದೆರೆದು ಏದುಸಿರು ಬಿಡುತ್ತಾ ಮಲಗಲಾರದೆ ಒದ್ದಾಡಿದರೆ, ಕುಸಿದು ಬಿದ್ದರೆ ಬೆಳಗಾಗಲಿ ಅಂತ ಕಾಯದೆ ಕೂಡಲೇ ಕರೆದೊಯ್ಯಿರಿ.

ಇವನ್ನು ಮಾಡಲೇಬೇಡಿ

* ಪ್ಯಾರಾಸಿಟಮಾಲ್, ಐಬುಪ್ರೊಫೆನ್, ನಿಮ್ಮ ಮನೆಯ ಕೆಮ್ಮಿನ ಸಿರಪ್ ಕೊಡಬೇಡಿ. ಸಕ್ಕರೆರಹಿತ ಸಿರಪ್‌ನಲ್ಲಿ ಕ್ಸೈಲಿಟಾಲ್ ಇದ್ದರೆ ಅದು ನಾಯಿಗೆ ವಿಷ.
* ತಿನ್ನಲಿಲ್ಲ ಅಂತ ಬಾಯಿ ಅಗಲಿಸಿ ಹಾಲು, ಗಂಜಿ ಹೊಯ್ಯಬೇಡಿ. ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ.
* ಹಪ್ಪಳ, ಚಿಪ್ಸ್, ಉಪ್ಪು ಹಾಕಿದ ಸಾರು ಬೇಡ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ ಯಾವತ್ತೂ ಬೇಡ.
* ಸೊಳ್ಳೆಬತ್ತಿ, ಊದುಬತ್ತಿ, ಒಗ್ಗರಣೆಯ ಘಾಟಿನಿಂದ ದೂರ ಮಲಗಿಸಿ.

ಕುತ್ತಿಗೆಯ ಬೆಲ್ಟ್ ಬದಲು ಎದೆಗೆ ಕಟ್ಟುವ ಹಾರ್ನೆಸ್ ಹಾಕಿ. ಉಪ್ಪು, ಮಸಾಲೆ ಇಲ್ಲದೆ ಬೇಯಿಸಿದ ಕೋಳಿಮಾಂಸವನ್ನು ಮೂಳೆ ತೆಗೆದು, ಉಗುರುಬೆಚ್ಚಗೆ ಮಾಡಿ ಸ್ವಲ್ಪ ಸ್ವಲ್ಪವೇ ಕೊಡಿ. ಬೆಚ್ಚಗಿದ್ದರೆ ವಾಸನೆ ಏಳುತ್ತದೆ, ತಿನ್ನುವ ಮನಸ್ಸಾಗುತ್ತದೆ.

ಚಿಕಿತ್ಸೆ ಇದೆ

ಸವೆದ ಕವಾಟ ಮಾತ್ರೆಯಿಂದ ಮೊದಲಿನಂತಾಗದು, ನಿಜ. ಆದರೆ 2016ರಲ್ಲಿ ಪ್ರಕಟವಾದ 'ಎಪಿಕ್' ಅಧ್ಯಯನದ ಪ್ರಕಾರ, ಕವಾಟದ ತೊಂದರೆಯಿಂದ ಹೃದಯ ಹಿಗ್ಗಿದ್ದರೂ ಇನ್ನೂ ವೈಫಲ್ಯದ ಲಕ್ಷಣ ಕಾಣದ ನಾಯಿಗಳಿಗೆ ಪಿಮೊಬೆಂಡಾನ್ ಮಾತ್ರೆ ಕೊಟ್ಟಾಗ ಹೃದಯ ವೈಫಲ್ಯ ಸುಮಾರು 15 ತಿಂಗಳು ಮುಂದೆ ಹೋಯಿತು. ನಾಯಿಯ ಆಯುಸ್ಸಿನಲ್ಲಿ ಅದು ಚಿಕ್ಕ ಅವಧಿಯೇನಲ್ಲ! ಬೇಗ ತೋರಿಸಬೇಕು ಅನ್ನುವುದು ಇದಕ್ಕೇ. ಶ್ವಾಸಕೋಶದ ನೀರಿಳಿಸುವ ಮಾತ್ರೆ ಶುರುವಾದರೆ ನಾಯಿ ಹೆಚ್ಚು ನೀರು ಕುಡಿದು, ಮನೆಯೊಳಗೇ ಉಚ್ಚೆ ಮಾಡೀತು. ಗದರಬೇಡಿ, ನೀರಿನ ಬಟ್ಟಲನ್ನಂತೂ ಎತ್ತಿಡಲೇಬೇಡಿ. ಹಳೆಯ ಪೇಪರ್ ಹಾಸಿ, ಒರೆಸಿದರಾಯ್ತು.

ಖಾಸಗಿ ಕ್ಲಿನಿಕ್ ದುಬಾರಿ ಅನ್ನಿಸಿದರೆ ಬೆಂಗಳೂರಿನ ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್‌ನ ಪಶುವೈದ್ಯಕೀಯ ಕಾಲೇಜುಗಳಲ್ಲಿ ವಿಚಾರಿಸಿ. ಬಾಯಿಲ್ಲದ ಜೀವ ತನ್ನ ಕಷ್ಟ ಹೇಳಿಕೊಳ್ಳುವುದು ಕೆಮ್ಮಿ, ತಟ್ಟೆ ಬಿಟ್ಟೆದ್ದು. ಇವತ್ತು ರಾತ್ರಿ ಅದು ಮಲಗಿದ ಮೇಲೆ ಪಕ್ಕದಲ್ಲಿ ಕೂತು ಅರ್ಧ ನಿಮಿಷ ಉಸಿರು ಎಣಿಸಿ ನೋಡಿ.