ಬಣ್ಣದ ಮರೆಯ ಮರ

ಮೈಸೂರು ಸೀಮೆಯ ತೊಟ್ಟಿಮನೆಗಳಲ್ಲಿಯೂ ಮಲೆನಾಡು ಕರಾವಳಿಗಳ ಚೌಕಿಮನೆಗಳಲ್ಲಿಯೂ ತೇಗ, ಬೀಟೆ, ಹಲಸುಗಳಿಂದ ಕಡೆದು ನಿಲ್ಲಿಸಿದ ಎಷ್ಟೋ ಕಂಬ, ಬೋದಿಗೆ, ಬಾಗಿಲುವಾಡಗಳು ಇಂದು ಎಣ್ಣೆಬಣ್ಣದ ದಪ್ಪ ಹೊದಿಕೆಯೊಳಗೆ ಅಡಗಿವೆ. ಮದುವೆಗೊಮ್ಮೆ, ಉಪನಯನಕ್ಕೊಮ್ಮೆ ಎಂದು ಹಳೆಯದರ ಮೇಲೆಯೇ ಹೊಸದನ್ನು ಬಳಿಯುತ್ತ ಬಂದುದರಿಂದ, ಬಡಗಿಯು ಉಳಿಯ ಮೊನೆಯಲ್ಲಿ ಬಿಡಿಸಿದ ಪದ್ಮದಳಗಳ ನಡುವಣ ಸಂದುಗಳೆಲ್ಲ ತುಂಬಿಹೋಗಿ, ಕೆತ್ತನೆಯ ರೇಖೆಗಳು ಮೊಂಡಾಗಿವೆ. ಈ ಹೊದಿಕೆಯನ್ನು ಕಳೆದು ಮರಕ್ಕೆ ಅದರ ಸಹಜಕಾಂತಿಯನ್ನು ಮರಳಿಸುವ ಕಾರ್ಯವು ಮೇಲ್ನೋಟಕ್ಕೆ ತೋಳ್ಬಲದ್ದೆಂದು ತೋರಿದರೂ ವಸ್ತುತಃ ವಿವೇಕದ್ದು. ಯಾವುದನ್ನು ಉಳಿಸಬೇಕೆಂದು ಅರಿತ ಮೇಲೆಯೇ ಯಾವುದನ್ನಾದರೂ ತೆಗೆಯತಕ್ಕದ್ದು.

ಏಕೆಂದರೆ ಎಲ್ಲ ಬಣ್ಣವೂ ತರುವಾಯ ಬಂದ ಲೇಪವಲ್ಲ. ಶ್ರೀರಂಗಪಟ್ಟಣದಲ್ಲಿ 1784ರಲ್ಲಿ ನಿರ್ಮಿತವಾದ ದರಿಯಾ ದೌಲತ್ತಿನಲ್ಲಿ ವರ್ಣಾಲಂಕಾರವೇ ಕಟ್ಟಡದ ಜೀವಾಳ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರ ಕೈಯಲ್ಲಿ ಮರದ ಕೃತಿಯು ಬಣ್ಣವೇರಿದ ಹೊರತು ಪೂರ್ಣವಾಗುವುದೇ ಇಲ್ಲ. ಆದಕಾರಣ ಬಲ್ಲವರು ಮೊದಲು ಬಾಗಿಲಿನ ಹಿಂಬದಿಯಲ್ಲಿ ಅಂಗುಲದಗಲದ ಸ್ಥಳವನ್ನು ಆರಿಸಿ, ಒಂದೊಂದೇ ಪದರವನ್ನು ಬಿಡಿಸಿ ಪರೀಕ್ಷಿಸುತ್ತಾರೆ. ಸ್ಪಿರಿಟ್ಟಿನಲ್ಲಿ ತೊಯ್ದ ಬಟ್ಟೆಗೆ ಬೇಗನೆ ಕರಗಿ ಅಂಟುವುದು ಅರಗಿನ ಮೆರುಗು. ಚೆನ್ನಾಗಿ ಒಣಗಿದ ಎಣ್ಣೆಬಣ್ಣವು ಅಷ್ಟಕ್ಕೆ ಜಗ್ಗದು.

ಎರಡನೆಯ ವಿವೇಕವು ಪ್ರಾಣರಕ್ಷಣೆಗೆ ಸಂಬಂಧಿಸಿದುದು. ಮನೆಬಳಕೆಯ ಬಣ್ಣದಲ್ಲಿ ಸೀಸವು ಹತ್ತು ಲಕ್ಷಕ್ಕೆ 90 ಭಾಗವನ್ನು ಮೀರಕೂಡದೆಂಬ ನಿಯಮವು ನಮ್ಮ ದೇಶದಲ್ಲಿ ಜಾರಿಗೆ ಬಂದುದು 2017ರ ನವೆಂಬರಿನಲ್ಲಿ. ಆದ್ದರಿಂದ ಹಳೆಯ ಪದರಗಳಲ್ಲಿ ಸೀಸವುಂಟೆಂದೇ ಭಾವಿಸಿ ನಡೆಯುವುದು ಲೇಸು. ಸೀಸದ ಧೂಳು ಮಕ್ಕಳ ಮಿದುಳಿಗೆ ಮಾಡುವ ಹಾನಿ ಸರಿಪಡಿಸಲಾಗದಂಥದು. ಒಣಬಣ್ಣವನ್ನು ಉಪ್ಪುಕಾಗದದಿಂದ ಉಜ್ಜದೆ, ಬೆಂಕಿಯ ಜ್ವಾಲೆಯನ್ನು ಹಿಡಿಯದೆ, ಮೇಲ್ಮೈಯನ್ನು ತೇವಗೊಳಿಸಿ ಹೆರೆದು, ಉದುರಿದ ಚಕ್ಕೆಗಳನ್ನು ಹಾಸಿದ ಹಾಳೆಯೊಡನೆಯೇ ಸುತ್ತಿ ತೆಗೆಯಬೇಕು.

ಕೆತ್ತನೆಯ ಭಾಗಗಳಿಗೆ ಪೇಂಟ್ ರಿಮೂವರ್ ಲೇಪಿಸಿ, ಬಣ್ಣವು ಉಬ್ಬಿ ಸಡಿಲವಾದ ಮೇಲೆ ಚೂಪುಮಾಡಿದ ಮರದ ಕಡ್ಡಿಯಿಂದ ಸಂದುಗಳನ್ನು ಬಿಡಿಸುವುದು ಉಚಿತ. ಆದರೆ ಅದರ ಆವಿಯೂ ವಿಷವಾದುದರಿಂದ ಈ ಕೆಲಸವು ಬಯಲಗಾಳಿಯಲ್ಲಿಯೇ ನಡೆಯತಕ್ಕದ್ದು. ಅಗ್ಗವೆಂದು ಕಾಸ್ಟಿಕ್ ಸೋಡವನ್ನು ಬಳಸಿದರೆ ತೇಗವು ಕಪ್ಪಾಗುತ್ತದೆ, ಅಂಟಿನ ಬೆಸುಗೆಗಳು ಸಡಿಲುತ್ತವೆ. ಒದ್ದೆಮರವನ್ನು ಉಕ್ಕಿನ ನಾರಿನಿಂದ ತಿಕ್ಕಿದರೆ, ಮುರಿದುಳಿದ ಎಳೆಗಳ ಕಬ್ಬಿಣವು ಮರದ ಒಗರಿನೊಡನೆ ಕೂಡಿ ಸುಲಭವಾಗಿ ಅಳಿಸಲಾಗದ ಕರಿಯ ಕಲೆಗಳನ್ನುಂಟುಮಾಡುತ್ತದೆ.

ಹೀಗೆ ಶುದ್ಧವಾಗಿ, ಚೆನ್ನಾಗಿ ಒಣಗಿದ ಮರಕ್ಕೆ ಹೊಸ ರಕ್ಷೆಯನ್ನು ಕೊಡುವುದು ಕೊನೆಯ ಘಟ್ಟ. ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗನ್ನು ಹತ್ತಿ ತುಂಬಿದ ಬಟ್ಟೆಯುಂಡೆಯಿಂದ ತೆಳುವಾಗಿ ಮತ್ತೆ ಮತ್ತೆ ಸವರಿದಾಗ, ಬೀಟೆಯ ನೇರಿಳೆಗಪ್ಪೂ ಹಲಸಿನ ಹೊಂಬಣ್ಣವೂ ಆಳದಿಂದ ಎದ್ದುಬರುತ್ತವೆ. ಅರಗಿನ ಮೆರುಗು ನೀರಿಗೆ ಬೆಳ್ಳಗಾಗುವುದರಿಂದ, ಮಳೆಯ ಎರಚಲು ಬೀಳುವ ತಲೆಬಾಗಿಲಿಗೆ ಕಾಯಿಸಿದ ಅಗಸೆಯೆಣ್ಣೆಯೇ ಯೋಗ್ಯ. ಆ ಎಣ್ಣೆಯನ್ನು ಒರಸಿದ ಬಟ್ಟೆಗಳು ಮುದ್ದೆಯಾಗಿ ಬಿದ್ದಿದ್ದರೆ ತಾವಾಗಿಯೇ ಹೊತ್ತಿಕೊಳ್ಳಬಲ್ಲವು. ಅವನ್ನು ನೀರಿನಲ್ಲಿ ನೆನೆಸಿಡಬೇಕು.

ಇಷ್ಟೆಲ್ಲ ಶ್ರಮಪಟ್ಟ ಬಳಿಕವೂ ಪರೀಕ್ಷೆಗೆಂದು ಬಿಡಿಸಿದ ಅಂಗುಲದಗಲದ ಆ ಸ್ಥಳವನ್ನು, ಅದರ ಪದರಗಳು ಕಾಣುವಂತೆಯೇ, ಮುಟ್ಟದೆ ಉಳಿಸುವ ಗೃಹಸ್ಥನು ಮನೆಗೆ ಮಹೋಪಕಾರವನ್ನೇ ಮಾಡುತ್ತಾನೆ. ನಮ್ಮ ತೀರ್ಮಾನವು ಸಾಧುವೇ ಅಸಾಧುವೇ ಎಂದು ಮುಂದಿನವರು ವಿಚಾರಮಾಡಲು ಬೇಕಾದ ಸಾಕ್ಷ್ಯವು ಅಷ್ಟರಲ್ಲಿಯೇ ಇರುತ್ತದೆ.