ಆರಿದ ಸ್ವಿಚ್ಚು, ಜೀವಂತ ತಂತಿ

ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ ಫ್ಯಾನೊಂದು ಕೆಟ್ಟಿತ್ತು. ನಾವೇ ಸ್ವಿಚ್ಚು ಆರಿಸಿ, "ಭಯವಿಲ್ಲ, ಏರು ಮಾರಾಯ" ಎಂದು ದುರಸ್ತಿಯ ಹುಡುಗನನ್ನು ಕಬ್ಬಿಣದ ಏಣಿ ಹತ್ತಿಸಿದೆವು. ತಂತಿ ಮುಟ್ಟಿದೊಡನೆ ಅವನು ಕೆಳಗುರುಳಿದನು. ಪುಣ್ಯಕ್ಕೆ ಮೊಣಕೈ ತರಚಿತಷ್ಟೆ. ಪರಿಶೀಲಿಸಲಾಗಿ, ಸ್ವಿಚ್ಚನ್ನು ಫೇಸ್ ತಂತಿಗೆ ಬದಲು ನ್ಯೂಟ್ರಲ್ ತಂತಿಗೆ ಜೋಡಿಸಿದ್ದರೆಂದು ತಿಳಿಯಿತು. ನಮ್ಮ ಮಾತನ್ನು ನಂಬಿದ ಆ ಹುಡುಗನ ಮುಖ ಇಂದಿಗೂ ನಮ್ಮನ್ನು ಕಾಡುತ್ತದೆ.

ವಿಮಾನಗಳ ದುರಸ್ತಿಯಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಇದನ್ನು ಹೇಳಿದಾಗ, "ಮಾಷ್ಟ್ರೇ, ನಾವು ಸ್ವಿಚ್ಚನ್ನು ನಂಬುವುದೇ ಇಲ್ಲ" ಎಂದನು. ದೊಡ್ಡ ವಿಮಾನಗಳಲ್ಲಿ ಸಾಮಾನ್ಯವಾಗಿ 28 ವೋಲ್ಟಿನ ನೇರ ಪ್ರವಾಹವೂ 115 ವೋಲ್ಟಿನ ಪರ್ಯಾಯ ಪ್ರವಾಹವೂ ಹರಿಯುತ್ತವೆ. ಇಂಜಿನುಗಳು ನಿಂತರೂ ಬ್ಯಾಟರಿಯಿಂದಲೋ, ಬಾಲದಲ್ಲಿರುವ ಸಹಾಯಕ ಯಂತ್ರದಿಂದಲೋ, ನೆಲದಿಂದ ಎಳೆದ ಕೇಬಲಿನಿಂದಲೋ ವಿದ್ಯುತ್ತು ಬಂದೀತು. ಆದುದರಿಂದ ಸಂಬಂಧಪಟ್ಟ ಸರ್ಕ್ಯೂಟ್ ಬ್ರೇಕರನ್ನು ಹೊರಗೆಳೆದು, ಯಾರೂ ಮರಳಿ ಒತ್ತದಂತೆ ಅದರ ಕೊರಳಿಗೆ ಕ್ಲಿಪ್ಪು ತೊಡಿಸಿ, ಎಚ್ಚರಿಕೆಯ ಚೀಟಿ ಕಟ್ಟುತ್ತಾರೆ. ಕಾಕ್‌ಪಿಟ್ಟಿನಲ್ಲಿ ಕುಳಿತವನಿಗೆ ರೆಕ್ಕೆಯೊಳಗೆ ಕೈಯಿಟ್ಟವನು ಕಾಣುವುದಿಲ್ಲವಷ್ಟೆ.

ಚೀಟಿ ಕಟ್ಟಿದ ಮೇಲೂ ಬಲ್ಲವರು ತಂತಿ ಮುಟ್ಟರು. ವಿದ್ಯುತ್ತು ಇದೆಯೆಂದು ಖಚಿತವಿರುವ ಕಡೆ ಮೊದಲು ಮೀಟರು ಹಿಡಿದು ನೋಡುವರು. ಬಳಿಕ ಕೆಲಸದ ತಂತಿಗೆ. ಅಲ್ಲಿ ಸೊನ್ನೆ ಬಂದರೆ ಪುನಃ ಮೊದಲಿನ ಕಡೆಗೆ. ನಡುವೆ ಮೀಟರೇ ಕೆಟ್ಟಿದ್ದರೆ ಆ ಸೊನ್ನೆಗೆ ಬೆಲೆಯೇನು? ಪರೀಕ್ಷಕನನ್ನೇ ಪರೀಕ್ಷಿಸುವ ಈ ಕ್ರಮ, ಮೂವತ್ತು ವರ್ಷ ಉತ್ತರಪತ್ರಿಕೆ ತಿದ್ದಿದ ನಮಗೆ ಬಹಳ ಹಿಡಿಸಿತು.

ಪ್ರವಾಹ ಕಡಿದರೂ ಅಪಾಯ ಅಡಗಿರುವ ಎಡೆಗಳುಂಟು. ಜೆಟ್ ಇಂಜಿನಿಗೆ ಕಿಡಿ ಕೊಡುವ ಪೆಟ್ಟಿಗೆಯ ಕೆಪಾಸಿಟರಿನಲ್ಲಿ ಪ್ರಾಣ ತೆಗೆಯುವಷ್ಟು ವಿದ್ಯುತ್ತು ಉಳಿದಿರಬಹುದು. ಕೈಪಿಡಿ ಹೇಳಿದಷ್ಟು ಹೊತ್ತು ಕಾದೇ ಅದನ್ನು ಬಿಚ್ಚಬೇಕು. ಸಣ್ಣ ಪಿಸ್ಟನ್ ವಿಮಾನಗಳ ಮ್ಯಾಗ್ನೆಟೋವಿನ ಕಥೆ ಇನ್ನೂ ವಿಚಿತ್ರ. ಅದಕ್ಕೆ ಬ್ಯಾಟರಿಯ ಹಂಗಿಲ್ಲ, ತಿರುಗಿದರೆ ತಾನೇ ಕಿಡಿ ಹುಟ್ಟಿಸುತ್ತದೆ. ಅದರ ಸ್ವಿಚ್ಚು ಆರಿಸಿದಾಗ ಮಂಡಲ ಕಡಿಯುವುದಿಲ್ಲ. ತಂತಿಯೊಂದು ಇಂಜಿನಿನ ಲೋಹದ ಮೈಗೆ ಕೂಡಿಕೊಂಡು ಕಿಡಿಯನ್ನು ತಡೆಯುತ್ತದೆ. ಆ ತಂತಿ ತುಂಡಾಗಿದ್ದರೆ ಸ್ವಿಚ್ಚು ಆರಿದಂತೆ ತೋರಿದರೂ ಮ್ಯಾಗ್ನೆಟೋ ಜೀವಂತ! ಪ್ರೊಪೆಲ್ಲರನ್ನು ಕೈಯಿಂದ ತುಸು ತಿರುಗಿಸಿದಾಗ ಇಂಜಿನು ಹಠಾತ್ತನೆ ಹೊತ್ತಿಕೊಂಡು ಜೀವ ತೆಗೆದದ್ದುಂಟು. ಹಾಗಾಗಿ ನಿಂತ ಪ್ರೊಪೆಲ್ಲರನ್ನೂ ಸದಾ ಜೀವಂತವೆಂದೇ ಎಣಿಸಲು ಆ ವೃತ್ತಿಯಲ್ಲಿ ಕಲಿಸುತ್ತಾರೆ.

ನಮ್ಮ ಫ್ಯಾನಿನ ಸ್ವಿಚ್ಚನ್ನು ಮರುದಿನವೇ ಸರಿಪಡಿಸಿದೆವು. ಈಗ ದುರಸ್ತಿಯ ದಿನ ಮೇನ್ ಸ್ವಿಚ್ಚಿನ ಪೆಟ್ಟಿಗೆಗೆ ಬೀಗ ಹಾಕುತ್ತೇವೆ. ಬೀಗದ ಕೈ ನಮ್ಮ ಮೇಜಿನಲ್ಲಿರುವುದಿಲ್ಲ, ಏಣಿ ಏರುವವನ ಜೇಬಿನಲ್ಲಿರುತ್ತದೆ.